ಮುಂಬಯಿಯಲ್ಲಿ ಬಾಡಿಗೆಯ ನೆರವು: ಅರ್ಹತೆಯ ಅಳತೆಗೋಲು

ಬಡವನ ಮನೆಬಾಡಿಗೆಯ ಭಾರದಲ್ಲಿ ಸರಕಾರವು ಪಾಲುಗೊಳ್ಳಬೇಕಾದರೆ ಆ ಬಡವನು ಯಾರೆಂಬುದನ್ನು ಮೊದಲು ಗೊತ್ತುಪಡಿಸಬೇಕಾಗುತ್ತದೆ. ಮುಂಬಯಿಯಲ್ಲಿ ಈ ಪ್ರಶ್ನೆಗೆ ಕಾಲಕಾಲಕ್ಕೆ ಬೇರೆ ಬೇರೆ ಉತ್ತರಗಳು ದೊರೆತಿವೆ. ಅವುಗಳಲ್ಲಿ ವರಮಾನದ ಮಾತು ಬಂದುದು ಬಹಳ ತಡವಾಗಿ.

1896ರ ಪ್ಲೇಗಿನ ತರುವಾಯ, 1898ರಲ್ಲಿ, ಇಂಪ್ರೂವ್‌ಮೆಂಟ್ ಟ್ರಸ್ಟು ಸ್ಥಾಪಿತವಾಯಿತು. ಕೊಳಕು ಕೇರಿಗಳನ್ನು ಕೆಡಹುವುದು ಅದರ ಕೆಲಸ. ನೆಲೆ ತಪ್ಪಿದವರಿಗೆ ಚಾಳುಗಳನ್ನು ಕಟ್ಟಿಸುವುದು ಅದಕ್ಕೆ ಅಂಟಿಬಂದ ಹೊಣೆ. ಇಲ್ಲಿ ಅರ್ಹತೆಯು ಬಡತನದಿಂದಲ್ಲ, ಒಕ್ಕಲೆಬ್ಬಿಸಿದುದರಿಂದ ಬಂದುದು.

1920ರಲ್ಲಿ ಗವರ್ನರ್ ಸರ್ ಜಾರ್ಜ್ ಲಾಯ್ಡರ ಕಾಲದಲ್ಲಿ ಹುಟ್ಟಿದ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟಿನ ದೃಷ್ಟಿ ಗಿರಣಿ ಕಾರ್ಮಿಕರ ಮೇಲಿತ್ತು. ಹತ್ತಿಯ ಪ್ರತಿ ಬೇಲಿಗೆ ಒಂದು ರೂಪಾಯಿಯ ಸುಂಕ ವಿಧಿಸಿ, ಆ ಹಣದಿಂದ ಬಾಡಿಗೆಯ ನಷ್ಟವನ್ನು ತುಂಬಿಕೊಳ್ಳುವುದು ಯೋಜನೆ. 50,000 ಖೋಲಿಗಳನ್ನು ಕಟ್ಟಲೆಳಸಿದವರು ಸುಮಾರು 16,000ಕ್ಕೆ ನಿಲ್ಲಿಸಿದರು. ವರಳಿ, ನಾಯಗಾಂವ, ಡಿಲಾಯಿಲ್ ರಸ್ತೆ, ಶಿವಡಿಗಳಲ್ಲಿ ಎದ್ದುನಿಂತ ಆ 207 ಚಾಳುಗಳಲ್ಲಿ, ಬಾಡಿಗೆ ಇಳಿಸಿದರೂ, ಎಷ್ಟೋ ಖೋಲಿಗಳು ವರ್ಷಗಟ್ಟಲೆ ಬರಿದಾಗಿದ್ದವು.

1947ರ ಬಾಡಿಗೆ ನಿಯಂತ್ರಣ ಕಾಯಿದೆಯ ರೀತಿಯೇ ಬೇರೆ. ಅದು ಬಿಡಾರದವನ ಸಂಬಳವನ್ನು ಕೇಳಲಿಲ್ಲ. 1940ರ ಸೆಪ್ಟೆಂಬರ್ 1ರಂದು ಆ ಮನೆಯ ಬಾಡಿಗೆ ಎಷ್ಟಿತ್ತೆಂದಷ್ಟೇ ಕೇಳಿತು. ಹೈಕೋರ್ಟಿನ ವಕೀಲನಿಗೂ ಗಿರಣಿಯ ಜಾಬರನಿಗೂ ಒಂದೇ ರಕ್ಷಣೆ. ಬೊಕ್ಕಸಕ್ಕೆ ಖರ್ಚಿಲ್ಲ, ಮನೆಯ ಒಡೆಯನಿಗೆ ನಷ್ಟ. ತಡವಾಗಿ ಬಂದವನಿಗೆ ಪಗಡಿ. ಇದನ್ನು ಬಡವರ ಕಾಯಿದೆಯೆಂದು ಕರೆಯುವುದು ಅರ್ಧಸತ್ಯವೆಂದು ನನಗೆ ತೋರುತ್ತದೆ.

ಸಂಬಳವನ್ನು ವಿಚಾರಿಸಿದ್ದು 1952ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರಕಾರವು ಆರಂಭಿಸಿದ ಔದ್ಯೋಗಿಕ ವಸತಿ ಯೋಜನೆ. ರಾಜ್ಯ ಸರಕಾರಗಳಿಗೆ ವೆಚ್ಚದ ಅರ್ಧ ಸಹಾಯಧನವಾಗಿ, ಅರ್ಧ ಸಾಲವಾಗಿ ದೊರೆಯುತ್ತಿತ್ತು; ಅದರಿಂದಲೇ ಬಾಡಿಗೆ ತಗ್ಗುತ್ತಿತ್ತು. ತಿಂಗಳಿಗೆ 350 ರೂಪಾಯಿಯ ಮಿತಿ ಬಹುಕಾಲ ನಡೆಯಿತು. ಆದರೆ ಸಂಬಳ ಕಡಮೆಯಾದರೆ ಸಾಲದು. ಅರ್ಜಿದಾರನು ಗಣಿಯ ಕೆಲಸದವನಾಗಿರಬೇಕು, ಇಲ್ಲವೆ 1948ರ ಕಾರಖಾನೆ ಕಾಯಿದೆಯ ಅರ್ಥದಲ್ಲಿ ಕಾರ್ಮಿಕನಾಗಿರಬೇಕು.

ಇಲ್ಲಿಯೇ ನಮ್ಮವರ ಪ್ರಶ್ನೆ ಏಳುತ್ತದೆ. ದಕ್ಷಿಣ ಕನ್ನಡದಿಂದ ಬಂದು ಹೋಟೆಲುಗಳಲ್ಲಿ ದುಡಿಯುತ್ತಿದ್ದ ಹುಡುಗರು ಸಾಮಾನ್ಯವಾಗಿ 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆಗೆ ಒಳಪಟ್ಟವರು. ಹಗಲು ಲೋಟ ತೊಳೆದು, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕುಳಿತು, ದುಡಿದ ಹೋಟೆಲಿನಲ್ಲಿಯೇ ಮೇಜುಗಳನ್ನು ಸರಿಸಿ ಮಲಗುತ್ತಿದ್ದವನು ಗಿರಣಿಯವನಿಗಿಂತ ಬಡವನಾಗಿದ್ದರೂ ಕಾಯಿದೆಯ ಕಣ್ಣಿಗೆ ಕಾರ್ಮಿಕನಲ್ಲ. ಬಾಡಿಗೆ ಕಾಯಿದೆಯೂ ಅವನಿಗೆ ಒದಗಲಿಲ್ಲ. ಅವನ ಹೆಸರಿನಲ್ಲಿ ಬಾಡಿಗೆ ಚೀಟಿಯೇ ಇರಲಿಲ್ಲವಲ್ಲ! 1954ರ ಅಲ್ಪ ವರಮಾನದವರ ಯೋಜನೆ ವರ್ಷಕ್ಕೆ 6,000 ರೂಪಾಯಿಯೊಳಗಿನವರನ್ನು ಒಳಗೊಂಡಿತು ನಿಜ, ಆದರೆ ಅದು ಮುಖ್ಯವಾಗಿ ಮನೆ ಕಟ್ಟುವ ಸಾಲ. ಕಾರಖಾನೆಯ ಹೊರಗಿನ ಬಡವರನ್ನು ಔದ್ಯೋಗಿಕ ಯೋಜನೆಯೊಡನೆ ಸೇರಿಸಿದ್ದು 1966ರಲ್ಲಿ.

ಸ್ತಂಭಿತ ಬಾಡಿಗೆಯು ಇನ್ನು ನ್ಯಾಯಸಮ್ಮತವಲ್ಲವೆಂದು ಸುಪ್ರೀಮ್ ಕೋರ್ಟು 1997ರ ಡಿಸೆಂಬರಿನಲ್ಲಿ ಹೇಳಿತು. 2000ದ ಮಾರ್ಚ್ 31ರಂದು ಜಾರಿಗೆ ಬಂದ ಮಹಾರಾಷ್ಟ್ರದ ಹೊಸ ಕಾಯಿದೆಯು ಬ್ಯಾಂಕುಗಳನ್ನೂ, ಒಂದು ಕೋಟಿ ರೂಪಾಯಿ ಅಥವಾ ಹೆಚ್ಚಿನ ಪಾವತಿಯಾದ ಬಂಡವಾಳವುಳ್ಳ ಕಂಪೆನಿಗಳನ್ನೂ ರಕ್ಷಣೆಯಿಂದ ಹೊರಗಿಟ್ಟಿತು. ಉಳಿದ ಬಿಡಾರದವರ ವರಮಾನವನ್ನು ಅದೂ ಕೇಳಲಿಲ್ಲ.