ಶರ್ಕರೆಯ ಯಾತ್ರೆ

1840ನೆಯ ಇಸವಿ ಫೆಬ್ರುವರಿ 10ರಂದು ನಡೆದ ವಿಕ್ಟೋರಿಯಾ ರಾಣಿಯ ವಿವಾಹಕ್ಕೆ ಸುಮಾರು 300 ಪೌಂಡು ತೂಕದ ಕೇಕನ್ನು ಸಿದ್ಧಪಡಿಸಿದ್ದರು. ಮೈಗೆಲ್ಲ ಬಿಳಿಯ ಸಕ್ಕರೆಯ ಲೇಪ. ನೆತ್ತಿಯ ಮೇಲೆ ವಧೂವರರನ್ನು ಹರಸುವ ಬ್ರಿಟಾನಿಯಾ ದೇವಿಯ ಪ್ರತಿಮೆ. ಶುದ್ಧೀಕರಿಸಿದ ಸಕ್ಕರೆಯು ದುಬಾರಿಯಾಗಿದ್ದ ಆ ಕಾಲದಲ್ಲಿ ಅಂತಹ ಧವಳಿಮೆಯೇ ಐಶ್ವರ್ಯದ ಕುರುಹು.

ಆಂಗ್ಲರ ‘ಷುಗರ್’ ಎಂಬುದು ನಮ್ಮ ‘ಶರ್ಕರಾ’ ಶಬ್ದವೇ. ಪಾರಸಿ, ಅರಬ್ಬಿಗಳ ಮಾರ್ಗವಾಗಿ ಅದು ಯೂರೋಪನ್ನು ಸೇರಿತು. ಇದನ್ನು ಹೆಮ್ಮೆಯಿಂದ ಪಾಠ ಹೇಳಿದವರಲ್ಲಿ ನಾನೂ ಒಬ್ಬನು. ಆದರೆ ಶಬ್ದದ ಹಿಂದೆ ನಮ್ಮ ಜನರೂ ಹೋದರೆಂಬುದನ್ನು ಹೇಳಲಿಲ್ಲ. 1833ರ ಶಾಸನದಿಂದ ಬ್ರಿಟಿಷ್ ವಸಾಹತುಗಳ ಗುಲಾಮಗಿರಿಯು ರದ್ದಾಗಲು, ಕಬ್ಬಿನ ತೋಟಗಳ ದುಡಿಮೆಗಾಗಿ 1834ರಿಂದ ಮಾರಿಷಸ್ಸಿಗೂ, 1838ರಲ್ಲಿ ಬ್ರಿಟಿಷ್ ಗಯಾನಕ್ಕೂ ಭಾರತೀಯರನ್ನು ಕರಾರಿನ ಕೂಲಿಗಳಾಗಿ ಹಡಗೇರಿಸಿದರು. ಉತ್ಸವದ ಕೇಕಿನ ಬೆಳ್ಳನೆಯ ಅಲಂಕಾರಕ್ಕೆ ಚರಿತ್ರೆಯನ್ನು ಬರೆಯುವವನು ಶಬ್ದದ ಯಾತ್ರೆಯೊಡನೆ ಆ ಜನರ ಯಾತ್ರೆಯನ್ನೂ ಬರೆಯತಕ್ಕದ್ದು.