ಕಮರಾನ್ ದ್ವೀಪದಿಂದ ಎರಡನೇ ತಪಾಸಣೆಯವರೆಗೆ

ಶಿವಮೊಗ್ಗ, ಭದ್ರಾವತಿಯ ನಮ್ಮ ಮನೆಗಳಲ್ಲಿ ವೀಸಾ ಈಗ ಅಪರೂಪದ ಮಾತಲ್ಲ. ಎಂಪಿಎಂನ ಯಂತ್ರಗಳು ನಿಂತ ಮೇಲೆ, ಉಕ್ಕಿನ ಕಾರ್ಖಾನೆಯ ಕಾಯಂ ಕೆಲಸ ಹಿರಿಯರ ಕಾಲದ ಮಾತಾದ ಮೇಲೆ, ಹುಡುಗರು ರಿಯಾದ್, ದುಬೈ, ದೋಹಾದ ದಾರಿ ಹಿಡಿದಿದ್ದಾರೆ. ಕೆಲವರು ಓದಲು ಬ್ರಿಟನ್, ಕೆನಡಾಗೂ ಹೋಗುತ್ತಾರೆ. ಎಲ್ಲ ಕಾಗದ ಸರಿಯಿದ್ದು, ಮೆಡಿಕಲ್‌ನಲ್ಲಿ ಮಾತ್ರ ‘ಇನ್ನೂ ಕೆಲವು ಪರೀಕ್ಷೆ ಬೇಕು’ ಎಂದು ಬಂದರೆ ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ತಾಯಂದಿರು ದುಆ ಕೇಳಿಕೊಂಡು ಬರುತ್ತಾರೆ. ಏಜೆಂಟ್ ಬೇರೊಂದು ‘ದಾರಿ’ ತೋರಿಸಿರುತ್ತಾನೆ. ದುಆ ಖಂಡಿತ ಮಾಡುತ್ತೇವೆ. ಆದರೆ ಈ ಎರಡನೇ ಪರೀಕ್ಷೆ ಎಲ್ಲಿಂದ ಬಂತು ಎಂಬ ಚರಿತ್ರೆಯನ್ನೂ ಅವರಿಗೆ ಹೇಳಬೇಕೆಂದು ನಮಗೆ ಅನಿಸುತ್ತದೆ.

ಪ್ರಯಾಣಿಕನ ದೇಹವನ್ನು ಅನುಮಾನದಿಂದ ನೋಡುವ ಪದ್ಧತಿಯ ಭಾರವನ್ನು ಮೊದಮೊದಲು ಹೊತ್ತವರಲ್ಲಿ ಹಾಜಿಗಳೂ ಇದ್ದರು. 1865ರ ಹಜ್ ಸಮಯದಲ್ಲಿ ಮಕ್ಕಾದಲ್ಲಿ ಕಾಲರಾ ಹಬ್ಬಿ ಸಾವಿರಾರು ಜನ ತೀರಿಕೊಂಡರು. ಅದು ಅಲ್ಲಿಂದ ಈಜಿಪ್ಟಿಗೂ ಯೂರೋಪಿಗೂ ಹೋಯಿತು. ಮರುವರ್ಷ ಇಸ್ತಾಂಬುಲ್‌ನಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನ, ಈ ರೋಗ ಭಾರತದಿಂದ ಹೊರಟು ಯಾತ್ರಿಕರ ಜೊತೆ ಸಾಗುತ್ತದೆ ಎಂದು ತೀರ್ಮಾನಿಸಿತು. 1882ರಲ್ಲಿ ಉಸ್ಮಾನಿಯಾ ಸರಕಾರ ಕೆಂಪು ಸಮುದ್ರದಲ್ಲಿ, ಯೆಮನ್ ತೀರದ ಎದುರಿನ ಕಮರಾನ್ ಎಂಬ ದ್ವೀಪದಲ್ಲಿ ತಡೆಠಾಣೆ ತೆರೆಯಿತು. ಮುಂಬಯಿಯಿಂದ ಹೊರಟ ಹಾಜಿಗಳ ಹಡಗು ಜಿದ್ದಾ ಸೇರುವ ಮೊದಲು ಅಲ್ಲಿ ನಿಲ್ಲಬೇಕು. ಸಾಮಾನ್ಯವಾಗಿ ಹತ್ತು ದಿನ. ಅಷ್ಟರಲ್ಲಿ ಒಬ್ಬರಿಗೆ ಕಾಲರಾ ಕಾಣಿಸಿಕೊಂಡರೆ ಲೆಕ್ಕ ಮತ್ತೆ ಒಂದರಿಂದ ಶುರು. ಬಟ್ಟೆಬರೆಯನ್ನೆಲ್ಲ ಕಿತ್ತುಕೊಂಡು ಹಬೆಗೆ ಹಾಕುತ್ತಿದ್ದರು. ಇಷ್ಟಕ್ಕೆಲ್ಲ ಶುಲ್ಕ ಕೊಡಬೇಕಾದವರೂ ಯಾತ್ರಿಕರೇ.

ಇದರಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕಮರಾನ್‌ನಲ್ಲಿ ಎರಡನೇ ಪರೀಕ್ಷೆ ಇರಲಿಲ್ಲ. ನಿಜ ಹೇಳಬೇಕೆಂದರೆ ಮೊದಲನೆಯದೂ ಇರಲಿಲ್ಲ. ಒಬ್ಬ ಮನುಷ್ಯನಲ್ಲಿ ರೋಗವಿದೆಯೋ ಇಲ್ಲವೋ ಎಂದು ತಿಳಿಯುವ ವಿದ್ಯೆಯೇ ಆಗ ಬೆಳೆದಿರಲಿಲ್ಲ. ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಪ್ರಕಟಿಸಿದ್ದು 1882ರಲ್ಲೇ. ಕೋಲ್ಕತ್ತಾಕ್ಕೆ ಬಂದು ಕಾಲರಾದ ರೋಗಾಣುವನ್ನು ಖಚಿತಪಡಿಸಿದ್ದು 1884ರಲ್ಲಿ. ಅಲ್ಲಿಯವರೆಗೆ ಹಡಗಿಗೆ ಹಡಗೇ ಅಪರಾಧಿ.

ಈ ಕಾಲದಲ್ಲಿ ನಮ್ಮವರು ಮರೆತಿರುವ ಒಬ್ಬರಿದ್ದರು: ಡಾ. ಅಬ್ದುರ್ರಝಾಕ್. ಭಾರತೀಯ ಮುಸ್ಲಿಂ ವೈದ್ಯರು. 1878ರಲ್ಲಿ ಯಾತ್ರಿಕರ ಜೊತೆ ಸರಕಾರ ಅವರನ್ನು ಕಳಿಸಿತು. 1882ರಲ್ಲಿ ಜಿದ್ದಾದಲ್ಲಿ ಬ್ರಿಟಿಷ್ ಉಪ ಕಾನ್ಸಲ್ ಆದರು. ಬಡ ಹಾಜಿಗಳ ಪಾಡನ್ನು ವರ್ಷವರ್ಷ ವರದಿ ಮಾಡಿದವರು. 1895ರಲ್ಲಿ ಕಾಲರಾ ತಡೆಯ ಕ್ರಮಗಳ ಮೇಲೆ ಜನರ ಸಿಟ್ಟು ಏರಿತ್ತು. ರೋಗ ಹರಡುವುದೇ ಈ ಯಂತ್ರಗಳಿಂದ ಎಂಬ ಗಾಳಿಮಾತು ಹಬ್ಬಿ, ಬಟ್ಟೆ ಶುದ್ಧಿ ಮಾಡುವ ಯಂತ್ರವನ್ನೇ ಜನ ಒಡೆದರು. ಆ ಗಲಭೆಯ ದಿನಗಳಲ್ಲೇ ಜಿದ್ದಾದ ಹೊರಗೆ ಡಾ. ಅಬ್ದುರ್ರಝಾಕ್ ಕೊಲೆಯಾದರು. ಹಾಜಿಗಳ ಪರವಾಗಿ ಬರೆಯುತ್ತಿದ್ದ ಕೈಯೇ ಹೋಯಿತು. ಜನರ ಸಿಟ್ಟಿಗೆ ಕಾರಣವಿರಲಿಲ್ಲವೆಂದು ನಾವು ಹೇಳಲಾರೆವು. ಆದರೆ ಆ ಸಿಟ್ಟು ಯಾರ ಮೇಲೆ ತಿರುಗಿತು ನೋಡಿ.

ನಮ್ಮ ಸೀಮೆಯೂ ಇದನ್ನು ಕಂಡಿದೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಮರುವರ್ಷ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂತು. ದೇಶದ ರೈಲು ನಿಲ್ದಾಣಗಳಲ್ಲಿ ಆಗ ಪ್ರಯಾಣಿಕರನ್ನು ಇಳಿಸಿ, ಗಡ್ಡೆ ಇದೆಯೇ ಎಂದು ಕಂಕುಳು, ತೊಡೆಸಂದು ಮುಟ್ಟಿ ನೋಡುತ್ತಿದ್ದರು. ಬರಿಯ ಜ್ವರವಿದ್ದವನೂ ಕ್ಯಾಂಪಿಗೆ ಹೋಗಬೇಕಾಗುತ್ತಿತ್ತು. ಹೆಣ್ಣುಮಕ್ಕಳ ಮಾನದ ಪ್ರಶ್ನೆಯಂತೂ ಊರೂರಲ್ಲಿ ಎದ್ದಿತು. 1897ರಲ್ಲಿ ಪ್ಲೇಗಿನ ಕಾರಣಕ್ಕೆ ಭಾರತದಿಂದ ಹಜ್ ಯಾತ್ರೆಯನ್ನೇ ಸರಕಾರ ತಡೆದಿತ್ತು.

ತಿರುವು ಬಂದದ್ದು ಪ್ರಯೋಗಾಲಯದಿಂದ. 1905ರಲ್ಲಿ ಸಿನಾಯ್‌ನ ಅತ್ತೂರ್ ತಡೆಠಾಣೆಯಲ್ಲಿ, ಹಜ್ ಮುಗಿಸಿ ಮರಳುವಾಗ ತೀರಿಕೊಂಡ ಕೆಲವರ ದೇಹದಲ್ಲಿ ಗೋಟ್‌ಶ್ಲಿಖ್ ಎಂಬ ವೈದ್ಯರು ಕಾಲರಾದಂಥದೇ ರೋಗಾಣು ಕಂಡರು. ಸತ್ತವರಲ್ಲಿ ಕಾಲರಾದ ಲಕ್ಷಣ ಮಾತ್ರ ಇರಲಿಲ್ಲ. ಅದು ಕಾಲರಾವೇ, ಅಲ್ಲವೇ ಎಂದು ಪಂಡಿತರು ದಶಕಗಟ್ಟಲೆ ವಾದಿಸಿದರು. ‘ಎಲ್ ಟೋರ್’ ಎಂಬ ಹೆಸರು ಉಳಿಯಿತು. 1961ರಲ್ಲಿ ಅದೇ ತಳಿ ಲೋಕವ್ಯಾಪಿ ಕಾಲರಾ ತಂದಿತು. ಕಂಡದ್ದೆಲ್ಲ ರೋಗವಲ್ಲ, ಕಾಣದ್ದೆಲ್ಲ ಆರೋಗ್ಯವೂ ಅಲ್ಲ ಎಂಬುದು ವೈದ್ಯರಿಗೆ ಇಂಥ ಅನುಭವಗಳಿಂದಲೇ ಗೊತ್ತಾಯಿತು.

ಇಂದಿನ ಎಕ್ಸ್‌ರೇ ಕತೆಯೂ ಇದೇ. ಎದೆಯಲ್ಲಿ ಒಂದು ನೆರಳು. ಅದು ಎಂದೋ ಬಂದುಹೋದ ನ್ಯುಮೋನಿಯಾದ ಕಲೆಯಾಗಿರಬಹುದು, ಬಾಲ್ಯದಲ್ಲಿ ತಾನೇ ವಾಸಿಯಾದ ಕ್ಷಯದ ಗುರುತಾಗಿರಬಹುದು, ಈಗ ಜೀವಂತವಿರುವ ಕ್ಷಯವೂ ಆಗಿರಬಹುದು. ಚಿತ್ರ ನೋಡಿ ಖಚಿತ ಹೇಳಲಾಗದು. ಅದಕ್ಕೇ ಬ್ರಿಟನ್, ಕೆನಡಾ, ಆಸ್ಟ್ರೇಲಿಯಾಗಳ ವೈದ್ಯರು ಮೂರು ದಿನ ಬೆಳಗಿನ ಕಫ ಕೇಳುತ್ತಾರೆ. ಅದನ್ನು ಬೆಳೆಸಿ ನೋಡಲು ಎಂಟು ವಾರದವರೆಗೂ ಬೇಕು, ಏಕೆಂದರೆ ಈ ರೋಗಾಣು ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ತೆಗೆದುಕೊಳ್ಳುತ್ತದೆ. ತಡವಾಗುತ್ತಿದೆ ಎಂದರೆ ತಿರಸ್ಕರಿಸಿದ್ದಾರೆ ಎಂದಲ್ಲ. ಕಮರಾನ್‌ನ ಹಾಜಿಗೆ ಸಿಗದಿದ್ದ ಅವಕಾಶವಿದು: ಗುಂಪಿನಿಂದ ಬೇರೆ ಮಾಡಿ ನಿಮ್ಮೊಬ್ಬರನ್ನೇ ಕೇಳುತ್ತಿದ್ದಾರೆ.

ಗಲ್ಫ್ ದೇಶಗಳ ನಿಯಮ ಇಷ್ಟು ಉದಾರವಲ್ಲ. ಗುಣವಾದ ಕ್ಷಯದ ಕಲೆ ಕಂಡರೂ ‘ಅನ್‌ಫಿಟ್’ ಎನ್ನುತ್ತಾರೆ. ಇದು ನ್ಯಾಯವಲ್ಲವೆಂದೇ ನಮ್ಮ ಅಭಿಪ್ರಾಯ. ಆದರೂ ಬೇರೆಯವನ ಎಕ್ಸ್‌ರೇ ಕೊಡುವುದು, ಹಳೆಯ ಚಿಕಿತ್ಸೆ ಮುಚ್ಚಿಡುವುದು ಹರಾಮ್ ಮಾತ್ರವಲ್ಲ, ನಷ್ಟದ ವ್ಯಾಪಾರ. ಅಲ್ಲಿ ಇಳಿದ ಮೇಲೆ ಇಖಾಮಾಕ್ಕೆ ಮತ್ತೆ ಮೆಡಿಕಲ್ ಇದೆ. ಒಡವೆ ಅಡವಿಟ್ಟು ಹೋದವನು ಸಿಕ್ಕಿಬಿದ್ದರೆ ವಾಪಸ್ಸು ಬರುವುದು ಸಾಲದ ಸಮೇತ.

ಶಾಮ್‌ನಲ್ಲಿ ಪ್ಲೇಗು ಹಬ್ಬಿದ ಸುದ್ದಿ ಬಂದಾಗ ಖಲೀಫಾ ಉಮರ್(ರ) ಸರ್ಗ್ ಎಂಬಲ್ಲಿ ಮೊದಲು ಮುಹಾಜಿರರನ್ನು ಕೇಳಿದರು, ಆಮೇಲೆ ಅನ್ಸಾರರನ್ನು, ಆಮೇಲೆ ಕುರೈಶರ ಹಿರಿಯರನ್ನು. ಮೂರು ಸಲ ವಿಚಾರಿಸಿಯೇ ಹಿಂದಿರುಗುವ ನಿರ್ಧಾರ ಮಾಡಿದರು. ಮತ್ತೆ ಮತ್ತೆ ವಿಚಾರಿಸುವುದು ತವಕ್ಕುಲ್‌ಗೆ ವಿರುದ್ಧವೆಂದು ಅವರು ಎಣಿಸಲಿಲ್ಲ.

ಕಾಗದ ಬಂದವರು ಅದರಲ್ಲಿನ ಕೊನೆಯ ದಿನಾಂಕ ನೋಡಿ. ಆ ದಿನದೊಳಗೆ ಆಗದಿದ್ದರೆ ಬರವಣಿಗೆಯಲ್ಲೇ ಸಮಯ ಕೇಳಿ. ಹಳೆಯ ಎಕ್ಸ್‌ರೇ ಇದ್ದರೆ ಒಯ್ಯಿರಿ. ಬದಲಾಗದೆ ಉಳಿದ ಕಲೆಗೆ ಅದೇ ಒಳ್ಳೆಯ ಸಾಕ್ಷಿ. ಕಫ ಕೊಡುವ ಮೊದಲು ಅಂಗಡಿಯಿಂದ ಆಂಟಿಬಯಾಟಿಕ್ ತಂದು ನುಂಗಬೇಡಿ, ಫಲಿತಾಂಶ ಕೆಡುತ್ತದೆ. ಗರ್ಭಿಣಿಯರು ಅದನ್ನು ಮೊದಲೇ ಹೇಳಿ, ಎಕ್ಸ್‌ರೇ ಬದಲು ಬೇರೆ ದಾರಿ ಇದೆಯೇ ಎಂದು ಕೇಳಬೇಕು. ರೋಗ ಇದೆಯೆಂದೇ ಆದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಮದ್ದು ಉಚಿತ, ಸಾಮಾನ್ಯ ಕ್ಷಯಕ್ಕೆ ಆರು ತಿಂಗಳು. ಪೌಷ್ಟಿಕ ಆಹಾರಕ್ಕೆಂದು ಕೇಂದ್ರ ಸರಕಾರ ಕೊಡುವ ಹಣ 2024ರ ನವೆಂಬರ್‌ನಿಂದ ತಿಂಗಳಿಗೆ 1,000 ರೂಪಾಯಿ. ಚಿಕಿತ್ಸೆ ಮುಗಿದಾಗ ಕೊಡುವ ಕಾಗದವನ್ನು ಪಾಸ್‌ಪೋರ್ಟ್ ಜೊತೆಯಲ್ಲೇ ಇಡಿ. ಮುಂದಿನ ಅರ್ಜಿಯಲ್ಲಿ ವೈದ್ಯರು ಅದನ್ನು ಕೇಳುತ್ತಾರೆ.