ಐಹೊಳೆಯ ಐನೂರ್ವರು ಮತ್ತು ಗೋವಾದಲ್ಲೇ ಉಳಿದ ದುಡ್ಡು

ಐಹೊಳೆ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ದುರ್ಗದ ಗುಡಿ, ಲಾಡಖಾನ್ ಗುಡಿ, ಮೇಗುತಿಯಲ್ಲಿರುವ ರವಿಕೀರ್ತಿಯ ಶಾಸನ. ಬಾದಾಮಿ, ಪಟ್ಟದಕಲ್ಲು ನೋಡಲು ಬಂದವರು ಇಲ್ಲೂ ಒಂದು ಸುತ್ತು ಹಾಕಿ, ನಾಲ್ಕು ಫೋಟೋ ಹೊಡೆದು ಗಾಡಿ ಹತ್ತುತ್ತಾರೆ. ಆದರೆ ಹುನಗುಂದ ತಾಲೂಕಿನ, ಮಲಪ್ರಭೆ ದಂಡೆಯ ಈ ಊರಿನ ಹೆಸರು ಒಂದು ಕಾಲಕ್ಕೆ ಗುಡಿಗಳಿಗಿಂತ ಹೆಚ್ಚಾಗಿ ವ್ಯಾಪಾರಿಗಳಿಂದ ದೂರದೂರಕ್ಕೆ ಹೋಗಿತ್ತು. ಶಾಸನಗಳಲ್ಲಿ ಬರುವ "ಅಯ್ಯಾವೊಳೆ ಐನೂರ್ವರು" ಅನ್ನೋ ವರ್ತಕರ ಸಂಘದ ಬಗ್ಗೆ ಹೇಳ್ತಾ ಇದ್ದೀನಿ. ಅಯ್ಯಾವೊಳೆ ಅಂದರೆ ಇದೇ ಐಹೊಳೆ.

ಇವರ ಬಗ್ಗೆ ಓದುವಾಗ ನನ್ನ ತಲೆ ಕೊರೆದದ್ದು ಬೇರೆಯೇ ಒಂದು ಪ್ರಶ್ನೆ. ಈ ಜನ ಪರದೇಶದಲ್ಲಿ ಟ್ಯಾಕ್ಸು ಹೇಗೆ ಕಟ್ಟುತ್ತಿದ್ದರು? ಜಾಸ್ತಿ ಕಿತ್ತುಕೊಂಡರೆ ಯಾರನ್ನು ಕೇಳುತ್ತಿದ್ದರು? ಆನ್‌ಸೈಟ್‌ಗೆ ಹೋಗಿ ಬಂದ ನಮ್ಮ ಸಾಫ್ಟ್‌ವೇರ್ ಮಂದಿ ಕಾಫಿ ಕುಡಿಯುತ್ತಾ ಮಾತಾಡೋದು ಇದನ್ನೇ ನೋಡಿ. ಅಲ್ಲಿ ಹಿಡಿದ ಪೆನ್ಶನ್ ದುಡ್ಡು ವಾಪಸ್ ಬರುತ್ತಾ, ಎಷ್ಟು ದಿನದೊಳಗೆ ಅರ್ಜಿ ಹಾಕಬೇಕು, ಎಷ್ಟು ಮುರಿದುಕೊಳ್ತಾರೆ ಅಂತ. ಪ್ರಶ್ನೆ ಹೊಸದಲ್ಲ, ಸಾವಿರ ವರ್ಷ ಹಳೆಯದು.

ಮೊದಲು ಊರಿನ ತೆರಿಗೆ. ಬಾದಾಮಿ ಚಾಲುಕ್ಯರ ಕಾಲದ್ದೊಂದು ಶಾಸನ ಈಗಿನ ಗದಗ ಜಿಲ್ಲೆಯ ಲಕ್ಷ್ಮೇಶ್ವರದಲ್ಲಿದೆ. 8ನೇ ಶತಮಾನದ್ದು, ಮುಂದೆ ಇಮ್ಮಡಿ ವಿಕ್ರಮಾದಿತ್ಯನಾದ ಯುವರಾಜ ಹಾಕಿಸಿದ್ದು. ಪುಲಿಗೆರೆಯ ಮಹಾಜನರು ಮತ್ತು ಪ್ರಜೆಗಳಿಗೆ ಒಂದು ವ್ಯವಸ್ಥೆ ಮಾಡಿಕೊಟ್ಟು, ಯಾವ ಮನೆ ಎಷ್ಟು ಕೊಡಬೇಕು ಅಂತ ಬರೆದಿದ್ದಾರೆ. ಉತ್ತಮ ಮನೆಗೆ 10 ಪಣ, ಅದಕ್ಕಿಂತ ಕೆಳಗಿನದಕ್ಕೆ 7, ಆಮೇಲೆ 5, ಕೊನೆಗೆ 3. ಈಗಿನ ಭಾಷೆಯಲ್ಲಿ ಹೇಳಬೇಕೆಂದರೆ ಟ್ಯಾಕ್ಸ್ ಸ್ಲ್ಯಾಬು! ಇದು ಮನೆಗೆ ಅಂಟಿಕೊಂಡ ತೆರಿಗೆ. ನೀನು ಎಲ್ಲಿ ವಾಸ ಇದ್ದೀಯೋ ಅಲ್ಲಿ ಕೊಡು.

ಇನ್ನೊಂದು ಸುಂಕ. ಅದು ದಾರಿಗೆ ಮತ್ತು ಸರಕಿಗೆ ಅಂಟಿಕೊಂಡದ್ದು. ಕಲ್ಯಾಣ ಚಾಲುಕ್ಯರ ಶಾಸನಗಳಲ್ಲಿ ಪೆರ್ಜುಂಕ, ವಡ್ಡರಾವುಳ ಅನ್ನುವ ಹೆಸರುಗಳು ಮತ್ತೆ ಮತ್ತೆ ಬರುತ್ತವೆ, ಅದನ್ನು ನೋಡಿಕೊಳ್ಳಲು ದೊಡ್ಡ ದೊಡ್ಡ ಅಧಿಕಾರಿಗಳೇ ಇದ್ದರು. ವಾಸದ ಊರಿಗೊಂದು, ದುಡಿಯುವ ಊರಿಗೊಂದು. ಎರಡೂ ಕಡೆ ಕೈ ಚಾಚುತ್ತಾರೆ, ನಡುವೆ ಸಿಕ್ಕಿಕೊಳ್ಳುವವನು ತಿರುಗಾಡಿ ಹೊಟ್ಟೆ ಹೊರೆಯುವವನು. ಇವತ್ತಿನ ಆದಾಯ ತೆರಿಗೆಯಲ್ಲಿ 182 ದಿನದ ಲೆಕ್ಕ, ಎರಡು ದೇಶಗಳ ನಡುವಿನ ತೆರಿಗೆ ಒಪ್ಪಂದ ಅಂತೆಲ್ಲ ಇರೋದು ಇದೇ ಜಗಳವನ್ನು ಬಿಡಿಸಲಿಕ್ಕೆ.

ಐನೂರ್ವರು ಈ ಜಗಳಕ್ಕೆ ಕಂಡುಕೊಂಡ ದಾರಿ ಸಂಘ. ಒಬ್ಬೊಬ್ಬನೇ ಹೋಗಿ ಸುಂಕದವನ ಮುಂದೆ ಕೈಕಟ್ಟಿ ನಿಲ್ಲುವ ಬದಲು ಸಂಘದ ಹೆಸರಲ್ಲಿ ಹೋಗೋದು. ಶಿಕಾರಿಪುರ ತಾಲೂಕಿನಲ್ಲಿ ಸಿಕ್ಕ 11ನೇ ಶತಮಾನದ ಶಾಸನವೊಂದು ಇವರನ್ನು ಬಾಯ್ತುಂಬ ಹೊಗಳುತ್ತದೆ. ಚೇರ, ಚೋಳ, ಪಾಂಡ್ಯ, ಮಗಧ, ಸೌರಾಷ್ಟ್ರ, ನೇಪಾಳ, ಪಾರಸ ಅಂತ ಇವರು ತಿರುಗಿದ ದೇಶಗಳ ಪಟ್ಟಿಯೇ ಇದೆ. ಆನೆ, ಕುದುರೆ, ಮುತ್ತು, ರತ್ನ, ಏಲಕ್ಕಿ, ಲವಂಗ, ಕರ್ಪೂರ, ಕಸ್ತೂರಿ ಅಂತ ಸರಕಿನ ಪಟ್ಟಿ ಇನ್ನೂ ಉದ್ದ. ಸಗಟಾಗಿ ಮಾರುವವರೂ ಇದ್ದರು, ಹೆಗಲ ಮೇಲೆ ಹೊತ್ತು ಮಾರುವವರೂ ಇದ್ದರು. ನನಗೆ ಇಷ್ಟವಾದ ಮಾತು ಆಮೇಲೆ ಬರುತ್ತದೆ: ಇವರು ಸುಂಕದ ನಷ್ಟ ಆಗದಂತೆ ನೋಡಿಕೊಂಡು, ಚಕ್ರವರ್ತಿಯ ಬೊಕ್ಕಸ ತುಂಬಿಸಿ, ಮಿಕ್ಕಿದ್ದರಲ್ಲಿ ದಾನಧರ್ಮ ಮಾಡುವವರು ಎಂಬ ಅರ್ಥದ್ದು. ಅಂದರೆ "ನಾವು ಸರಿಯಾಗಿ ತೆರಿಗೆ ಕಟ್ಟುವ ಜನ" ಅನ್ನೋದೇ ಇವರ ಬಿರುದು. ಹಾಗೆ ಎದೆ ತಟ್ಟಿ ಹೇಳುವವನು ತನಗೆ ಸಲ್ಲಬೇಕಾದ್ದನ್ನೂ ಎದೆ ತಟ್ಟಿಯೇ ಕೇಳಬಲ್ಲ.

ಸಮುದ್ರದಾಚೆಗೂ ಈ ಹೆಸರು ಹೋಗಿದೆ. ಸುಮಾತ್ರಾ ದ್ವೀಪದ ಪಶ್ಚಿಮ ಕರಾವಳಿಯಲ್ಲಿ ಬಾರೂಸ್ ಅಂತ ಒಂದು ಊರು, ಕರ್ಪೂರಕ್ಕೆ ಹೆಸರುವಾಸಿ. ಅದರ ಹತ್ತಿರದ ಲೋಬು ತುವಾದಲ್ಲಿ 1088ರ ತಮಿಳು ಶಾಸನ ಸಿಕ್ಕಿದೆ. ಅದನ್ನು ಹಾಕಿಸಿದವರು ಐನ್ನೂಱ್ಱುವರ್, ಅಂದರೆ ನಮ್ಮ ಐನೂರ್ವರ ತಮಿಳು ರೂಪ. (ಇವರೆಲ್ಲ ಐಹೊಳೆಯಲ್ಲೇ ಹುಟ್ಟಿದವರು ಅಂದುಕೊಳ್ಳಬೇಡಿ! ಅಷ್ಟು ಹೊತ್ತಿಗೆ ಊರಿನ ಹೆಸರು ಸಂಘದ ಹೆಸರಾಗಿ, ತಮಿಳರು, ತೆಲುಗರು ಎಲ್ಲರೂ ಅದರಡಿ ಸೇರಿದ್ದರು.) ಶಾಸನದ ತಾತ್ಪರ್ಯ ಇಷ್ಟು: ಬಂದ ಹಡಗಿನ ನಾಯಕನೂ ಹಡಗಿನವರೂ ಕಸ್ತೂರಿಯ ಬೆಲೆಗೆ ಕಟ್ಟಿದ ಚಿನ್ನವನ್ನು ಕೊಟ್ಟ ಮೇಲೆಯೇ ಒಳಗೆ ಕಾಲಿಡಬೇಕು. ಗಮನಿಸಿ, ಪರದೇಶದ ನೆಲದಲ್ಲಿ ನಿಂತು ಎಷ್ಟು ಕೊಡಬೇಕು ಅಂತ ತೀರ್ಮಾನಿಸಿ ಕಲ್ಲಿಗೆ ಹಾಕಿಸಿದವರು ಸಂಘದವರೇ.

ಆದರೆ ಸಂಘ ಎಷ್ಟೇ ಗಟ್ಟಿ ಇದ್ದರೂ ರಾಜನ ಕೈ ತಡೆಯಲು ಆಗದ ಒಂದು ಹೊತ್ತಿತ್ತು. ಅದು ಹಡಗು ಒಡೆದಾಗ. ಬಿರುಗಾಳಿಗೆ ಸಿಕ್ಕಿ ಹಡಗು ದಡಕ್ಕೆ ಬಂದು ಬಿದ್ದರೆ ಅದರಲ್ಲಿದ್ದ ಚಿನ್ನ, ಆನೆ, ಕುದುರೆ ಎಲ್ಲ ಆ ದಡದ ರಾಜನದ್ದು. ಬದುಕಿ ಉಳಿದವನು ಬರಿಗೈಯಲ್ಲಿ ಊರಿಗೆ ಬರಬೇಕು. ಈ ಪದ್ಧತಿಯನ್ನು ಬಿಟ್ಟುಕೊಟ್ಟವನು ಕಾಕತೀಯರ ಗಣಪತಿದೇವ. ಆಂಧ್ರದ ಕರಾವಳಿಯ ಮೋಟುಪಲ್ಲಿಯಲ್ಲಿ 1244-45ರ ಅವನ ಅಭಯ ಶಾಸನ ಇದೆ. ಹಿಂದಿನ ರಾಜರು ಒಡೆದ ಹಡಗಿನ ಸರಕನ್ನೆಲ್ಲ ಕಿತ್ತುಕೊಳ್ಳುತ್ತಿದ್ದರು, ನಾವು ಗೊತ್ತುಪಡಿಸಿದ ಸುಂಕ ಮಾತ್ರ ತೆಗೆದುಕೊಂಡು ಮಿಕ್ಕಿದ್ದೆಲ್ಲವನ್ನೂ ಬಿಟ್ಟುಕೊಡುತ್ತೇವೆ ಅನ್ನೋದು ಅದರ ಸಾರ. ಸುಂಕ ಎಷ್ಟು? ಮೂವತ್ತರಲ್ಲಿ ಒಂದು ಪಾಲು. ಅದನ್ನೂ ಬರೆದಿದ್ದಾರೆ.

ಪರದೇಶಿಯ ದುಡ್ಡು ಪರದೇಶಿಗೇ ವಾಪಸ್ ಅಂತ ಬರೆದುಕೊಟ್ಟ ದಾಖಲೆ ಇದು. ರಾಜನಿಗೆ ಕರುಣೆ ಉಕ್ಕಿ ಬಂದಿದ್ದೂ ಇರಬಹುದು. ಆದರೆ ಹೀಗೆ ಮಾಡದಿದ್ದರೆ ವರ್ತಕರು ಪಕ್ಕದ ಬಂದರಿಗೆ ಹೋಗುತ್ತಾರೆ ಅನ್ನೋದೂ ಅವನಿಗೆ ಗೊತ್ತಿತ್ತು. ಕರುಣೆ ರಾಜನ ಜೊತೆ ಹೋಗಿಬಿಡುತ್ತದೆ, ಕಲ್ಲಿನ ಮೇಲೆ ಬರೆದದ್ದು ಉಳಿಯುತ್ತದೆ.

ಈಗ ನಮ್ಮ ಕಾಲಕ್ಕೆ ಬರೋಣ. ಅಮೆರಿಕಾಕ್ಕೆ ಎಚ್1ಬಿ ವೀಸಾದಲ್ಲಿ ಹೋದವರ ಸಂಬಳದಿಂದ ಸೋಶಿಯಲ್ ಸೆಕ್ಯೂರಿಟಿಗೆ 6.2%, ಮೆಡಿಕೇರ್‌ಗೆ 1.45% ಹಿಡಿಯುತ್ತಾರೆ, ಕಂಪನಿಯೂ ಅಷ್ಟೇ ಹಾಕುತ್ತದೆ. ಅಲ್ಲಿಯ ಪೆನ್ಶನ್ ಸಿಗಬೇಕಾದರೆ 40 ಕ್ರೆಡಿಟ್ ಬೇಕು, ಅಂದರೆ ಸುಮಾರು 10 ವರ್ಷದ ದುಡಿಮೆ. ವೀಸಾ ಸಾಮಾನ್ಯವಾಗಿ 6 ವರ್ಷಕ್ಕೆ ಮುಗಿಯುತ್ತದೆ. ಗ್ರೀನ್ ಕಾರ್ಡಿನ ದಾರಿ ಹಿಡಿಯದೆ ವಾಪಸ್ ಬಂದವರಿಗೆ ಆ ದುಡ್ಡು ಅಲ್ಲೇ. ಅಮೆರಿಕಾ ಜೊತೆ ನಮಗೆ ಸಾಮಾಜಿಕ ಭದ್ರತಾ ಒಪ್ಪಂದ ಇಲ್ಲ. ಹಡಗು ಒಡೆದಂತೆಯೇ ಲೆಕ್ಕ!

ಎಲ್ಲ ದೇಶಗಳೂ ಹಾಗಿಲ್ಲ. ಭಾರತ ಇಂಥ ಮೊದಲ ಒಪ್ಪಂದಕ್ಕೆ ಸಹಿ ಹಾಕಿದ್ದು 2006ರಲ್ಲಿ, ಬೆಲ್ಜಿಯಂ ಜೊತೆ. ಜಾರಿಗೆ ಬಂದದ್ದು 2009ರ ಸೆಪ್ಟೆಂಬರ್ 1ಕ್ಕೆ. ಆಮೇಲೆ ಜರ್ಮನಿ, ಫ್ರಾನ್ಸ್, ನೆದರ್ಲೆಂಡ್ಸ್, ಕೆನಡಾ, ಆಸ್ಟ್ರೇಲಿಯಾ ಹೀಗೆ ಪಟ್ಟಿ ಬೆಳೆಯಿತು. ಕೆಲಸ ಮಾಡುವ ರೀತಿ ಸರಳ. ನಮ್ಮ ಕಂಪನಿಯೇ ಕೆಲವು ವರ್ಷದ ಮಟ್ಟಿಗೆ ಕಳಿಸಿದ್ದರೆ ಇಲ್ಲಿಯ ಪಿಎಫ್ ಕಚೇರಿಯಿಂದ ಒಂದು ಪ್ರಮಾಣಪತ್ರ ಒಯ್ಯಬೇಕು. ಅದನ್ನು ತೋರಿಸಿದರೆ ಅಲ್ಲಿ ಪೆನ್ಶನ್ ದುಡ್ಡು ಹಿಡಿಯುವುದಿಲ್ಲ. ಜಪಾನಿನ ಜೊತೆಗಿನದು 2016ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅಲ್ಲಿಯದೇ ಕಂಪನಿ ಸೇರಿ, ಕನಿಷ್ಠ 6 ತಿಂಗಳು ಪೆನ್ಶನ್ ಕಟ್ಟಿ, ದೇಶ ಬಿಟ್ಟು ಬಂದವರು 2 ವರ್ಷದೊಳಗೆ ಅರ್ಜಿ ಹಾಕಿದರೆ ಒಂದಿಷ್ಟು ದುಡ್ಡು ಒಟ್ಟಿಗೆ ವಾಪಸ್ ಕೊಡುವ ಪದ್ಧತಿ ಜಪಾನಿನಲ್ಲಿದೆ.

ಆಸ್ಟ್ರೇಲಿಯಾದ್ದು ಇನ್ನೊಂದು ಕಥೆ. ತಿರುಗಾಡುತ್ತಾ ದುಡಿಯಲು ಬರುವ ಹುಡುಗ ಹುಡುಗಿಯರಿಗಾಗಿ ಅಲ್ಲಿ ವರ್ಕಿಂಗ್ ಹಾಲಿಡೇ ವೀಸಾಗಳಿವೆ. ಆ ಬಗೆಯ ಒಂದು ವೀಸಾ 2024ರಿಂದ ಭಾರತೀಯರಿಗೂ ಸಿಕ್ಕಿತು, ವರ್ಷಕ್ಕೆ 1000, ಲಾಟರಿ ಎತ್ತಿ. ಅಲ್ಲಿಯ ನಿವಾಸಿಗಳಿಗೆ 18,200 ಡಾಲರ್ ತನಕ ತೆರಿಗೆ ಇಲ್ಲ. ಆದರೆ 2017ರಿಂದ ಈ ಪ್ರವಾಸಿ ದುಡಿಮೆಗಾರರಿಗೆ ಮೊದಲ ಡಾಲರಿನಿಂದಲೇ 15%. ವಾಪಸ್ ಹೋಗುವಾಗ ಪೆನ್ಶನ್ ಖಾತೆಯ ದುಡ್ಡು ಕೇಳಿದರೆ ಅದರಲ್ಲಿ ಸಾಮಾನ್ಯವಾಗಿ 65% ತೆರಿಗೆ! 2021ರಲ್ಲಿ ಬ್ರಿಟನ್ನಿನ ಯುವತಿಯೊಬ್ಬಳು ಆ 15%ನ ವಿರುದ್ಧ ಅಲ್ಲಿಯ ಹೈಕೋರ್ಟಿನಲ್ಲಿ (ಅದೇ ಅವರ ಅತ್ಯುನ್ನತ ನ್ಯಾಯಾಲಯ) ಗೆದ್ದಳು. ಗೆಲ್ಲಿಸಿದ್ದು ಯಾರ ದಯೆಯೂ ಅಲ್ಲ, ಎರಡು ದೇಶಗಳ ತೆರಿಗೆ ಒಪ್ಪಂದದಲ್ಲಿದ್ದ ತಾರತಮ್ಯ ಮಾಡಬಾರದು ಅನ್ನುವ ಒಂದು ಕಲಮು.

ಇಷ್ಟೆಲ್ಲ ಪಾಸ್‌ಪೋರ್ಟ್ ಇದ್ದವರ ಮಾತಾಯಿತು. ಐಹೊಳೆಯ ಸುತ್ತಲಿನ ಊರುಗಳಿಂದ ಹೊರಗೆ ದುಡಿಯಲು ಹೋಗುವವರಲ್ಲಿ ಹೆಚ್ಚಿನವರು ಯಾರು? ಬಾದಾಮಿ, ಹುನಗುಂದ, ಬಾಗಲಕೋಟೆ ಕಡೆಯವರಿಗೆ "ಗುಳೆ" ಅನ್ನೋ ಪದ ಬಿಡಿಸಿ ಹೇಳಬೇಕಿಲ್ಲ. ಮಳೆ ಕೈಕೊಟ್ಟ ವರ್ಷ, ಸುಗ್ಗಿ ಮುಗಿದ ಮೇಲೆ, ಗಂಟುಮೂಟೆ ಕಟ್ಟಿಕೊಂಡು ಗೋವಾ, ಮಂಗಳೂರು, ಪುಣೆ, ಬೆಂಗಳೂರು. ಇಳಕಲ್ಲಿನ ಕಲ್ಲು ಲಾರಿಯಲ್ಲಿ ಹೋಗುತ್ತದೆ, ಇಳಕಲ್ ಸೀರೆ ಅಂಗಡಿಗೆ ಹೋಗುತ್ತದೆ, ಮನುಷ್ಯರು ಬಸ್ಸಿನಲ್ಲಿ ಹೋಗುತ್ತಾರೆ.

ಇವರ ಹೆಸರಿನಲ್ಲೂ ದುಡ್ಡು ಹಿಡಿಯುತ್ತಾರೆ ಅನ್ನೋದು ಬಹಳ ಜನಕ್ಕೆ ಗೊತ್ತಿಲ್ಲ. 1996ರ ಕಾನೂನಿನ ಕಾಲದಿಂದಲೂ ಕಟ್ಟಡದ ವೆಚ್ಚದಲ್ಲಿ 1% ಸೆಸ್ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗಬೇಕು. ಒಂದು ಕೋಟಿಯ ಕಟ್ಟಡಕ್ಕೆ ಒಂದು ಲಕ್ಷ. ಪೆನ್ಶನ್, ಅಪಘಾತದ ಪರಿಹಾರ, ಮಕ್ಕಳ ಓದಿಗೆ ನೆರವು ಎಲ್ಲ ಅದರಿಂದ. ಆದರೆ ಮಂಡಳಿ ರಾಜ್ಯಕ್ಕೊಂದು. ಪಣಜಿಯಲ್ಲಿ ಎದ್ದ ಕಟ್ಟಡದ ಸೆಸ್ ಗೋವಾ ಮಂಡಳಿಗೆ. ಅದನ್ನು ಪಡೆಯಲು ಹಿಂದಿನ 12 ತಿಂಗಳಲ್ಲಿ 90 ದಿನ ಕೆಲಸ ಮಾಡಿದ ದಾಖಲೆ ಬೇಕು, ನೋಂದಣಿ ಬೇಕು, ಅದು ನವೀಕರಣ ಆಗುತ್ತಿರಬೇಕು. ಮೂರು ತಿಂಗಳು ಗೋವಾ, ಎರಡು ತಿಂಗಳು ಮಂಗಳೂರು, ಮಳೆ ಬಿದ್ದ ಕೂಡಲೇ ಬಿತ್ತನೆಗೆ ಊರು ಅಂತ ಓಡಾಡುವವರಿಗೆ ಇದು ಆಗುವ ಮಾತೇ? ಕಾರ್ಮಿಕ ಊರಿಗೆ ಬರುತ್ತಾನೆ, ಅವನ ಹೆಸರಲ್ಲಿ ಹಿಡಿದ ದುಡ್ಡು ಅಲ್ಲೇ ಉಳಿಯುತ್ತದೆ. 2018ರಲ್ಲಿ ಸುಪ್ರೀಂ ಕೋರ್ಟ್ ಈ ಸೆಸ್ಸಿನ ಬಗ್ಗೆ ತೀರ್ಪು ಕೊಟ್ಟಾಗ ದೇಶದಲ್ಲಿ ಸಂಗ್ರಹವಾದದ್ದು ಸುಮಾರು 37,400 ಕೋಟಿ ರೂಪಾಯಿ, ಕಾರ್ಮಿಕರಿಗಾಗಿ ಖರ್ಚಾದದ್ದು ಸುಮಾರು 9,500 ಕೋಟಿ.

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆಯಲ್ಲಿ ಒಂದು ಒಳ್ಳೆಯ ಮಾತಿತ್ತು. ಊರು ಬಿಡಿಸಿ ಕರೆದುಕೊಂಡು ಹೋಗುವ ಗುತ್ತಿಗೆದಾರ ತಿಂಗಳ ಕೂಲಿಯ ಅರ್ಧದಷ್ಟು ಅಥವಾ 75 ರೂಪಾಯಿ, ಯಾವುದು ಹೆಚ್ಚೋ ಅದನ್ನು ಕೂಲಿಯ ಜೊತೆಗೆ ಬೇರೆಯಾಗಿ ಕೊಡಬೇಕು, ಅದನ್ನು ವಾಪಸ್ ಕೇಳುವಂತಿಲ್ಲ. 2025ರ ನವೆಂಬರಿನಲ್ಲಿ ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲಿ ಹೋಗಿ ಬರುವ ಖರ್ಚಿನ ಮಾತು ಉಳಿಯಿತು, ಈ ಭತ್ಯೆ ಉಳಿಯಲಿಲ್ಲ. ಆದರೆ ಇನ್ನೊಂದು ಬಂತು. ಒಂದು ರಾಜ್ಯದಿಂದ ಇನ್ನೊಂದಕ್ಕೆ ಹೋಗುವ ಕಟ್ಟಡ ಕಾರ್ಮಿಕನ ಸೌಲಭ್ಯಗಳು ಅವನ ಹಿಂದೆಯೇ ಹೋಗುವಂತೆ ಸರ್ಕಾರ ಯೋಜನೆ ಮಾಡಬೇಕು ಅಂತ ಬರೆದಿದೆ.

"ಮಾಡಬೇಕು" ಅನ್ನೋದಕ್ಕೂ ಮೋಟುಪಲ್ಲಿಯ ಕಲ್ಲಿಗೂ ವ್ಯತ್ಯಾಸ ಇದೆ. ಅಲ್ಲಿ ಎಷ್ಟು ತೆಗೆದುಕೊಳ್ಳುತ್ತೇವೆ, ಎಷ್ಟು ಬಿಡುತ್ತೇವೆ ಅಂತ ಬಂದರಿನಲ್ಲೇ, ಹಡಗಿನವರ ಕಣ್ಣಿಗೆ ಬೀಳುವಂತೆ ನಿಲ್ಲಿಸಿದ್ದರು. ಬ್ರಸೆಲ್ಸ್‌ಗೆ ಹೋಗುವ ಇಂಜಿನಿಯರಿಗೆ ದೆಹಲಿಯವರು ಬರೆದ ಒಪ್ಪಂದ ಇದೆ, ಅವನ ಬೆನ್ನಿಗೆ ಕಂಪನಿ ಇದೆ, ಅದರ ಬೆನ್ನಿಗೆ ಕಂಪನಿಗಳ ಸಂಘ ಇದೆ. ಪಣಜಿಗೆ ಹೋಗುವ ಹುನಗುಂದದ ಗೌಂಡಿಗೂ ಅಂಥದ್ದೇ ಒಂದು ಬರಹ ಬೇಕು: ಬೆಂಗಳೂರು ಮತ್ತು ಪಣಜಿಯ ಎರಡು ಮಂಡಳಿಗಳು ಕೂತು, ಗೋವಾದ ದಿನಗಳನ್ನು ಇಲ್ಲಿಯ ದಿನಗಳಿಗೆ ಕೂಡಿಸುತ್ತೇವೆ ಅಂತ ಸಹಿ ಹಾಕಿದ ಒಂದು ಹಾಳೆ. ಬೆಲ್ಜಿಯಂ ಜೊತೆ ಆಗಿದ್ದು ಗೋವಾ ಜೊತೆ ಆಗಬಾರದೇ? ಮಧ್ಯೆ ಸಮುದ್ರವೂ ಇಲ್ಲ, ಒಂದು ರಾತ್ರಿಯ ಬಸ್ ಪ್ರಯಾಣ ಅಷ್ಟೇ.

ಐನೂರ್ವರ ಬಗ್ಗೆ ನಾವು ಹೆಮ್ಮೆ ಪಡೋದು ಅವರು ಸುಮಾತ್ರಾ ತನಕ ಹೆಸರು ಒಯ್ದರು ಅಂತ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣೋದು, ಹೆಗಲ ಮೇಲೆ ಸರಕು ಹೊತ್ತು ಮಾರುವವನನ್ನೂ ಅವರು ಅದೇ ಸಂಘದ ಲೆಕ್ಕದಲ್ಲಿ ಹಿಡಿದಿದ್ದರು ಅನ್ನೋದು.